ಕಿರೀಟದ ಮೇಲಿನ ರೋಮ

ಆಗಸ್ಟ್ 6, ಬೆಳಿಗ್ಗೆ

ಎಲೆಯ ಚಿತ್ರ ಮುಗಿಯಿತು. ಕಾಂಡ, ಗಡ್ಡೆ ಮೊನ್ನೆಯೇ ಆಗಿತ್ತು. ಇನ್ನು ಹೂವು. ಒಣಗಿದ್ದನ್ನು ಬಿಸಿನೀರಿನಲ್ಲಿ ನೆನೆಹಾಕಿದೆ — ಬಿಚ್ಚಿಕೊಳ್ಳುವುದಿಲ್ಲ, ಸೋಸಿದ ಚಹಾಪುಡಿಯ ಹಾಗೆ ಮುದ್ದೆ.

ಮಲ್ಲೇಶನ ಫೋನು. ಪೇಪರ್ ಸೆಪ್ಟೆಂಬರಿನಲ್ಲಿ ಕಳಿಸಲೇಬೇಕಂತೆ. ನವೆಂಬರಿಗೆ ಅವನ ಕಾಯಂ ಕೆಲಸದ ಇಂಟರ್‌ವ್ಯೂ. ಕಂಪ್ಲಿಯಲ್ಲಿ ಇನ್ನೂ ಗೆಸ್ಟ್ ಲೆಕ್ಚರರ್. ಹೊಸ ಪ್ರಭೇದ ಕಂಡುಹಿಡಿದವನು ಎಂದರೆ ತೂಕವೇ ಬೇರೆ.

ಬಳ್ಳಿಯನ್ನು ಕಂಡವರು ಇವರು. ಸಂಡೂರಿನ ಗುಡ್ಡದಲ್ಲಿ, ಹೋದ ಮಳೆಗಾಲದ ಹಿಂದಿನ ಮಳೆಗಾಲ. ಯಾವ ಪುಸ್ತಕಕ್ಕೂ ಹೊಂದುವುದಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಜನವರಿಯಲ್ಲಿ ಹೋಗಿಬಿಟ್ಟರು. ಈಗ ಶಿಷ್ಯ ಮಲ್ಲೇಶ ಪೇಪರ್ ಬರೆಯುತ್ತಿದ್ದಾನೆ, ಹೆಂಡತಿ ನಾನು ಚಿತ್ರ ಬಿಡಿಸುತ್ತಿದ್ದೇನೆ. ಬಳ್ಳಿಗೆ ಇವರ ಹೆಸರನ್ನೇ ಇಡುತ್ತಾನಂತೆ. ರೇವಣಸಿದ್ದ ಎಂಬುದು ಲ್ಯಾಟಿನ್ನಿನಲ್ಲಿ ಹೇಗಾಗುತ್ತದೆಂದು ಫೋನಿನಲ್ಲೇ ಹೇಳಿದ. ಇನ್ನೊಮ್ಮೆ ಹೇಳು ಎಂದೆ.

ಆಗಸ್ಟ್ 9

ಒಣಹೂವಿನಲ್ಲಿ ಆಗುವುದಿಲ್ಲ. ಹೂವಿನ ಬುಡದೊಳಗೆ ಪುಟ್ಟ ಕಿರೀಟದಂಥದ್ದು ಇರುತ್ತದೆ. ಈ ಜಾತಿಯ ಬಳ್ಳಿಗಳಲ್ಲಿ ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದೇ ಅದು. ಅದೇ ಜಜ್ಜಿಹೋಗಿದೆ. ಫೋಟೊ ನೋಡಿ ಬರೆಯಿರಿ ಎಂದ ಮಲ್ಲೇಶ. ಫೋಟೊದಲ್ಲಿ ಒಳಗಿನದು ಎಲ್ಲಿ ಕಾಣಬೇಕು? ಹೈಸ್ಕೂಲಿನಲ್ಲಿ ಅಷ್ಟು ವರ್ಷ ಡ್ರಾಯಿಂಗ್ ಕಲಿಸಿದವಳು ನಾನು. ಊಹೆ ಮಾಡಿ ಬರೆಯಲಾರೆ. ತಾಜಾ ಹೂವು ಬೇಕು ಎಂದೆ.

ಆಗಸ್ಟ್ 20, ಸಂಜೆ

ಹೋಗಿಬಂದೆವು. ಗಾದಿಗನೂರು ದಾಟಿದ್ದೇ ಲಾರಿಗಳ ಸಾಲು, ಮಲ್ಲೇಶನ ಬೈಕು ಹಿಂದೆಯೇ ತೆವಳಿತು. ನಾರಿಹಳ್ಳದ ಮೇಲಿನ ಇಳಿಜಾರು. ನನ್ನ ಮೊಣಕಾಲಿಗೆ ಅದು ಬೆಟ್ಟವೇ.

ಇವರು ಹೇಳುತ್ತಿದ್ದ ಜಾಗ — ಮುಳ್ಳುಪೊದೆ, ಪಕ್ಕದಲ್ಲಿ ಸೀಳಿದ ಬಂಡೆ. ಅಲ್ಲಿ ಇರಲಿಲ್ಲ. ಮೇಲಕ್ಕೆ ಹತ್ತಿದೆವು. ಹುಲ್ಲಿನ ನಡುವೆ ಮಲ್ಲೇಶನಿಗೆ ಸಿಕ್ಕಿತು. ಅವನು ಕೂಗಲಿಲ್ಲ, ಕುಳಿತುಬಿಟ್ಟ. ದಾರದಷ್ಟು ತೆಳ್ಳನೆ ಬಳ್ಳಿ, ಬೆರಳಷ್ಟುದ್ದದ ಹೂವು. ಮೇಲೆ ಪಂಜರ, ಕೆಳಗೆ ಉಬ್ಬಿದ ಹೊಟ್ಟೆ. ತಿಳಿಹಸಿರು, ಒಳಗೆ ನೇರಳೆ ಚುಕ್ಕೆ. ಇವರು ಅಷ್ಟೆಲ್ಲ ವರ್ಣಿಸಿದ್ದರೂ ಬಳ್ಳಿಯ ಮೇಲೆ ಅರಳಿದ್ದು ನನಗೆ ಕಂಡದ್ದು ಇವತ್ತೇ.

ಒಂದೇ ಹೂವು ತೆಗೆದುಕೊಂಡು ಸ್ಪಿರಿಟ್ಟಿನ ಬಾಟಲಿಗೆ ಹಾಕಿದೆವು. ಇಳಿಯುವಾಗ ಅಳು ಬಂತು. ಮಲ್ಲೇಶ ಮುಂದೆ ನಡೆದ, ತಿರುಗಿ ನೋಡಲಿಲ್ಲ. ಒಳ್ಳೆಯ ಹುಡುಗ.

ಆಗಸ್ಟ್ 21

ಹೂವು ಸೀಳಿದೆ. ಹೊಟ್ಟೆಯಲ್ಲಿ ಸಣ್ಣ ನೊಣ, ಸತ್ತದ್ದು. ಸೂಜಿಯಿಂದ ತೆಗೆದೆ. ಕಿರೀಟ ಇಡಿಯಾಗಿ ಸಿಕ್ಕಿತು.

ಅದರ ತುದಿಗಳಲ್ಲಿ ರೋಮ ಇದೆ. ಬಿಳಿ, ಮೆತ್ತಗೆ.

ಇವರು ಬರೆದಿಟ್ಟದ್ದು: ರೋಮರಹಿತ. ಹೊಸ ಪ್ರಭೇದ ಎನ್ನುವುದಕ್ಕೆ ಇರುವ ಆಧಾರ ಅದೊಂದೇ. ಲೆನ್ಸ್ ಒರೆಸಿ ಮತ್ತೆ ನೋಡಿದೆ. ಇದೆ.

ಆಗಸ್ಟ್ 22

ಇವರು ಒಣಗಿಸುವಾಗ ರೋಮ ಉದುರಿರಬೇಕು. ಅಥವಾ ಅಂಟಿಕೊಂಡಿರಬೇಕು. ರೋಮ ಇದ್ದರೆ ಇದು ಹೊಸದಲ್ಲ. ಸಹ್ಯಾದ್ರಿಯ ಆಚೆ ಅಂಚಿನಲ್ಲಿ ಯಾರೋ ಯಾವಾಗಲೋ ಕಂಡು ಹೆಸರಿಟ್ಟದ್ದು. ಪುಸ್ತಕದ ವಿವರ ಸಾಲು ಸಾಲೂ ಹೊಂದುತ್ತದೆ.

ಇಡೀ ದಿನ ಪೆನ್ಸಿಲ್ ಮುಟ್ಟಲಿಲ್ಲ. ರೋಮ ಬಿಟ್ಟು ಬರೆದರೆ ಯಾರಿಗೆ ಗೊತ್ತಾಗುತ್ತದೆ... ಹೂವು ಇರುವುದು ನನ್ನ ಹತ್ತಿರ. ಇಂಥ ಯೋಚನೆ ನನಗೆ ಬಂತು. ಬಂತು ಎಂದು ಬರೆದಿಡುತ್ತಿದ್ದೇನೆ.

ಸೆಪ್ಟೆಂಬರ್ 3

ಮಲ್ಲೇಶನನ್ನು ಕರೆಸಿದೆ. ಬಾಯಲ್ಲಿ ಹೇಳಲಿಲ್ಲ, ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಬಹಳ ಹೊತ್ತು ನೋಡಿದ. ತಲೆ ಎತ್ತದೆಯೇ ಹೇಳಿದ:

"ಒಣಗಿದ್ದರಾಗ ಇರಲಿಲ್ಲರಿ ಅಮ್ಮ. ನಾವು ಒಣಗಿದ್ದನ್ನ ನೋಡಿ ಬರದೀವಿ ಅಂತ ಇಟ್ಕಳ್ರಿ."

"ನಾ ಹಸೀದು ನೋಡೀನಲ್ಲಪ್ಪ."

"ಸರ್ ಹೆಸರು ಉಳೀತಿತ್ರಿ."

"ಅವರ ಹೆಸರು ಸುಳ್ಳಿನ ಮ್ಯಾಲೆ ಕುಂದ್ರೂದು ಬ್ಯಾಡ, ಮಲ್ಲೇಶ."

ನಿಮಗೇನು, ನಿಮ್ಮ ನೌಕರಿ ಮುಗಿದಿದೆ, ನನ್ನದು ಇನ್ನೂ ಶುರುವೇ ಆಗಿಲ್ಲ ಎಂದ. ಸರಿಯಾದ ಮಾತು. ಕಾಫಿ ಮುಟ್ಟದೆ ಎದ್ದು ಹೋದ.

ಸೆಪ್ಟೆಂಬರ್ 5

ಫೋನಿಲ್ಲ. ಇವರ ಮೇಲೆ ಸಿಟ್ಟು. ಒಂದು ಹೂವನ್ನಾದರೂ ಹಸಿಯಾಗಿದ್ದಾಗ ಸೀಳಿ ನೋಡಬಾರದಿತ್ತೇ? ಆಗಲೇ ಕೈ ನಡುಗುತ್ತಿತ್ತು, ಗೊತ್ತು. ಆದರೂ. ಜನವರಿಯಲ್ಲಿ ಹೋದವರು ಈಗ ಇನ್ನೊಮ್ಮೆ ಹೋದ ಹಾಗಿದೆ.

ಸೆಪ್ಟೆಂಬರ್ 27

ಮಲ್ಲೇಶ ಬಂದ, ಹೆಂಡತಿ ಶಿಲ್ಪಶ್ರೀಯನ್ನೂ ಕರೆದುಕೊಂಡು. ಎಮ್ಮಿಗನೂರಿನ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹೋದ ಸಲದ ಮಾತು ಯಾರೂ ಎತ್ತಲಿಲ್ಲ.

ಊಟವಾದ ಮೇಲೆ ಹೇಳಿದ. ಆ ಹಳೆಯ ಪ್ರಭೇದದ ಮೂಲ ಮಾದರಿಯ ಫೋಟೊ ತರಿಸಿ ನೋಡಿದನಂತೆ. ಅದೇ ಇದು. ಅನುಮಾನವಿಲ್ಲ. ಹೊಸ ಪ್ರಭೇದದ ಪೇಪರನ್ನು ಕೈಬಿಟ್ಟು ಎರಡು ಪುಟದ ಟಿಪ್ಪಣಿ ಬರೆದಿದ್ದಾನೆ. ಘಟ್ಟದಂಚಿನ ಆ ಬಳ್ಳಿ ಇಷ್ಟು ಒಣನಾಡಿನಲ್ಲಿ, ಕಬ್ಬಿಣದ ಮಣ್ಣಿನಲ್ಲಿ, ಮೊದಲ ಸಲ ಕಂಡಿದೆ ಎಂದು. ಇಂಟರ್‌ವ್ಯೂಗೆ ಇದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನೇ ಹೇಳಿದ.

ಲೇಖಕರಲ್ಲಿ ಮೊದಲ ಹೆಸರು ಇವರದು. ಪಕ್ಕದಲ್ಲಿ ತೀರಿಕೊಂಡವರಿಗೆ ಹಾಕುವ ಸಣ್ಣ ಗುರುತು. ಅದರ ಮೇಲೆ ಬೆರಳಿಟ್ಟೆ.

"ಕಂಡವರು ಸರ್‌ರೀ. ಅದು ಖರೇನ ಐತಲ್ಲ" ಎಂದ.

ನವೆಂಬರ್ 18

ಶಿಲ್ಪಶ್ರೀ ಫೋನ್ ಮಾಡಿದ್ದಳು. ಅವನಿಗೆ ಕೆಲಸ ಆಗಲಿಲ್ಲ. ಬೇರೆ ಯಾರಿಗೋ ಆಯಿತಂತೆ. ಅವನ ಹತ್ತಿರ ಮಾತಾಡಲೇ ಎಂದು ಕೇಳಿದೆ. ಕ್ಲಾಸಿಗೆ ಹೋಗಿದ್ದಾರೆ ಎಂದಳು.

ನಾನು ಮಾಡಿದ್ದು ಸರಿ. ಸರಿ ಎಂದು ಗೊತ್ತಿದ್ದೂ ಊಟ ಸೇರಲಿಲ್ಲ.

ನವೆಂಬರ್ 21, ಮಧ್ಯಾಹ್ನ

ಟಿಪ್ಪಣಿಗೆ ಬೇಕಾದ ಚಿತ್ರ ಮುಗಿಸಿದೆ. ರೋಮಗಳನ್ನು ಕೊನೆಗೆ ಬಿಡಿಸಿದೆ, ಎಲ್ಲಕ್ಕಿಂತ ಸಣ್ಣ ನಿಬ್ಬಿನಲ್ಲಿ, ಉಸಿರು ಹಿಡಿದು. ಮಲ್ಲೇಶ ನಾಳೆ ಬಂದು ಒಯ್ಯುತ್ತಾನೆ. ಫೋನಿನಲ್ಲಿ ಅವನ ದನಿ ಸರಿಯಾಗಿಯೇ ಇತ್ತು.

ಕೆಳಗೆ ಬಲಕ್ಕೆ ಗಂಗಾಂಬಿಕಾ ಎಂದು ಬರೆದೆ. ಎಡಕ್ಕೆ ಮೊದಲು ಸಂಗ್ರಹಿಸಿದವರು: ಇವರ ಹೆಸರು. ಅದರ ಮುಂದೆ ತಾರೀಕು ಹಾಕಬೇಕು. ಅವತ್ತು ನೆನಪಿದೆ. ಕತ್ತಲಾಗುವ ಮೊದಲು ಬಂದರು, ಮೈತುಂಬ ಕೆಂಪು ಮಣ್ಣು. ಒಳಗೆ ಬರಬೇಡಿ, ಹಿತ್ತಲಿಗೆ ಹೋಗಿ ಎಂದು ನಾನು ಗದರಿದೆ. ಅವರು ಹೊಸ್ತಿಲಲ್ಲೇ ನಿಂತು, ಹೂವು ಹಿಡಿದ ಮುಷ್ಟಿ ಮುಂದೆ ಚಾಚಿ, ಬೆರಳು ಒಂದೊಂದಾಗಿ ಬಿಚ್ಚುತ್ತ —