ಪ್ರದರ್ಶನದಲ್ಲಿ ಸೋರಿದ ಮಾಳಿಗೆ

ರಾಮದುರ್ಗ
೧೧-೨-೨೦೦೩

ಪ್ರೀತಿಯ ಅವ್ವಾ,

ಅಜ್ಜಿಯ ಸೊಂಟನೋವು ಕಡಿಮೆಯಾಯಿತೇ? ಕೋಲು ಹಿಡಿದಾದರೂ ಅಂಗಳಕ್ಕೆ ಬರುತ್ತಾಳೋ, ಹಾಸಿಗೆಯಿಂದಲೇ ಮನೋಳಿ ಊರನ್ನೆಲ್ಲ ಆಳುತ್ತಿದ್ದಾಳೋ? ಅವಳ ಆರೈಕೆಯಲ್ಲಿ ನಿನ್ನ ಊಟ ಮರೆಯಬೇಡ. ಇಲ್ಲಿ ಅಪ್ಪ ಆರಾಮಾಗಿದ್ದಾನೆ. ನಾನು ಬಡಿದ ರೊಟ್ಟಿಯನ್ನು ಮಾತಾಡದೆ ತಿನ್ನುತ್ತಾನೆ, ಅದೇ ದೊಡ್ಡದು.

ವಿಶ್ವವಿದ್ಯಾಲಯದ ಸಂಶೋಧನಾ ಪ್ರದರ್ಶನ ಮುಗಿಯಿತು. ನನಗೆ ಬಹುಮಾನ ಬರಲಿಲ್ಲ. ಗೆದ್ದವರನ್ನು ಮುಂದಿನ ವರ್ಷ ತಮ್ಮ ಪ್ರಯೋಗಶಾಲೆಗೆ ತೆಗೆದುಕೊಳ್ಳುತ್ತಾರೆಂದು ನಾನೆಷ್ಟು ಆಸೆಪಟ್ಟಿದ್ದೆ ಎಂಬುದು ನಿನಗೇ ಗೊತ್ತು. ಮೊದಲ ಬಹುಮಾನ ಥರ್ಮೋಕೋಲಿನ ಆಣೆಕಟ್ಟಿಗೆ ಹೋಯಿತು. ಸುತ್ತ ಮಿಣುಕು ದೀಪ, ಒಳಗೆ ಹನಿ ನೀರಿಲ್ಲ. ತೀರ್ಪುಗಾರರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಇವರ ಲೆಕ್ಕದಲ್ಲಿ ಸಂಶೋಧನೆಯೆಂದರೆ ಅದು. ನನ್ನದು ನಮ್ಮ ಮನೆಯ ಮೇಲಿನ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮೇಲೆ ಸವಳು ಮಣ್ಣು ಹಾಕಿದರೆ ಮಾಳಿಗೆ ಏಕೆ ಸೋರುವುದಿಲ್ಲ, ಆ ಬಿಳಿಯ ಉಪ್ಪು ಮಣ್ಣು ನೀರು ತಾಗಿದೊಡನೆ ಹೇಗೆ ಬಿಗಿಯುತ್ತದೆ ಎಂದು ವರ್ಷವಿಡೀ ಪರೀಕ್ಷಿಸಿದ್ದೆ. ನಮ್ಮ ಗೈಡ್ ಸಾಹೇಬರು ಒಂದು ದಿನವೂ ಅದನ್ನು ಮುಟ್ಟಲಿಲ್ಲ, ಕೈ ಹೊಲಸಾಗುತ್ತದಂತೆ. ಪ್ರದರ್ಶನದ ದಿನ ಮಾತ್ರ ಕೋಟು ಹಾಕಿಕೊಂಡು ಬಂದು ‘ನಮ್ಮ ಸಂಶೋಧನೆ’ ಎಂದರು.

ಪ್ರದರ್ಶನದ ತಯಾರಿಗೆಂದು ನಾನು ಎರಡು ದಿನ ಮೊದಲೇ ಬೆಳಗಾವಿಗೆ ಹೋಗಿದ್ದೆ. ಅಂಗಳದಲ್ಲಿ ಕಟ್ಟಿಟ್ಟಿದ್ದ ನನ್ನ ಪುಟ್ಟ ಮಾಳಿಗೆಯನ್ನು ಬಟ್ಟೆ ಮುಚ್ಚಿ ಟೆಂಪೋದಲ್ಲಿ ತಂದವನು ನಮ್ಮ ಕ್ಲಾಸಿನ ಕಲ್ಮೇಶ. ತೀರ್ಪುಗಾರರ ಮುಂದೆ ಬಟ್ಟೆ ಸರಿಸಿದರೆ ಮೇಲಿದ್ದದ್ದು ಕರೀ ಎರೆಮಣ್ಣು, ಒಣಗಿ ಬಿರುಕುಬಿಟ್ಟಿತ್ತು. ‘ಇದು ನನ್ನ ಮಣ್ಣಲ್ಲರೀ ಸರ್’ ಎಂದೆ. ‘ಮಣ್ಣಂದ್ರ ಮಣ್ಣ, ಎಲ್ಲಾ ಒಂದ ಅಲ್ಲೇನವಾ’ ಎಂದು ನಕ್ಕು ಅವರಲ್ಲಿ ಹಿರಿಯರೊಬ್ಬರು ಪರೀಕ್ಷೆಗೆಂದು ಇಟ್ಟಿದ್ದ ನೀರಿನ ಕೊಡವನ್ನು ಅದರ ಮೇಲೆ ಬಗ್ಗಿಸಿಯೇಬಿಟ್ಟರು. ಹೀಗೆಂದವರು ಭೂವಿಜ್ಞಾನದ ಪ್ರಾಧ್ಯಾಪಕರು. ನೀರು ಬಿರುಕುಗಳಿಂದ ಇಳಿದು ನೇರವಾಗಿ ಅವರ ಬೂಟಿನೊಳಗೆ ಹೋಯಿತು. ನನಗೆ ಸಿಕ್ಕ ಸಮಾಧಾನ ಅದೊಂದೇ.

ಮಣ್ಣು ಬದಲಿಸಿದವರ ಹೆಸರು ಬರೆದುಕೊಟ್ಟರೆ ಮತ್ತೊಮ್ಮೆ ಪರೀಕ್ಷಿಸುತ್ತಾರಂತೆ. ದಾರಿಯುದ್ದಕ್ಕೂ ಅದರ ಜೊತೆಗಿದ್ದವನು ಕಲ್ಮೇಶನೇ, ಅವನೂ ಸ್ಪರ್ಧೆಯಲ್ಲಿದ್ದ. ಆ ಹಲ್ಕಟ್‌ನ ಹೆಸರು ಹಾಕಿ ಅರ್ಜಿ ಬರೆದಿದ್ದೇನೆ. ನಾಳೆ ಈ ಪತ್ರದ ಜೊತೆಗೇ ಅಂಚೆಗೆ ಹಾಕುತ್ತೇನೆ.

ಅಜ್ಜಿಯ ಪಾದಕ್ಕೆ ನನ್ನ ನಮಸ್ಕಾರ ಮುಟ್ಟಿಸು. ನೀನು ಬೇಗ ಬಾ.

ನಿನ್ನ ಮಗಳು,
ರಾಜೇಶ್ವರಿ

ತಾ.ಕ.: ಅವ್ವಾ, ಈಗ ಊಟಕ್ಕೆ ಕೂತಾಗ ಅಪ್ಪನೇ ಮಾತು ತೆಗೆದ. ನಾನು ಸೋತದ್ದಷ್ಟೇ ಅವನಿಗೆ ಗೊತ್ತು, ಮಾಳಿಗೆ ಸೋರಿದ್ದು ಗೊತ್ತಿಲ್ಲ. ‘ಆ ಬಿಳೇ ಮಣ್ಣ ನೋಡಿದ್ರ ಮಂದಿ ನಮ್ಮ ಹೊಲಾನ ಸವಳ, ಏನೂ ಬೆಳಿಯೂದಿಲ್ಲ ಅಂತ ತಿಳಕೊಳ್ಳೂದಿಲ್ಲೇನ? ಹೆಂಗೂ ಬರೇ ನೋಡಾಕ ಇಡೂದು ಐತಲ್ಲಾ ಅಂತ ಅದನ್ನ ಕೆರದು, ನಮ್ಮ ಎರಿಮಣ್ಣ ಮೆತ್ತಿ ಕಳಿಸಿದ್ದೆ. ಏನಂದ್ರ ದೊಡ್ಡ ಮಂದಿ?’ ಎಂದು ಕೇಳಿದ. ‘ಇಂಥಾ ಮಣ್ಣ ನೋಡೇ ಇಲ್ಲ ಅಂದ್ರು’ ಎಂದೆ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅರ್ಜಿಯನ್ನು ಒಲೆಗೆ ಹಾಕಿದೆ. ಆ ಬೂಟಿನವರ ಕೈಗೆ ಅಪ್ಪನ ಹೆಸರನ್ನು ಕೊಡಲಾರೆ. ತಪ್ಪು ಮಣ್ಣು ಹಾಕಿದವಳು ನಾನೇ ಎಂದು ಬರೆದು ಕಳಿಸುತ್ತಿದ್ದೇನೆ. ನೀನು ಬಂದ ಮೇಲೆ ಅಪ್ಪ ಕೇಳಿದರೆ, ನಮ್ಮ ಎರೆಮಣ್ಣನ್ನು ಎಲ್ಲರೂ ಹೊಗಳಿದರಂತೆ ಎಂದು ಹೇಳು.