ಹುಲ್ಲಿನ ಮೇಲಿದ್ದ ನಿನ್ನ ಗ್ಲೌಸ್

ಅಪ್ಪಾ,

ನೀನು ತೀರಿಕೊಂಡ ಮೇಲೆ ಕಾಗದ ಬರೆಯುತ್ತಿರುವುದಕ್ಕೆ ಸಾರಿ. ಇವತ್ತು ಮೊದಲ ಸಲ ನಿನ್ನ ಬೇಸ್‌ಬಾಲ್ ಟೀಮಿನ ಆಟ ನೋಡಲು ಟೊಲೆಡೊಗೆ ಹೋಗಿದ್ದೆ. ಬ್ಯಾಟಿಂಗ್‌ಗೆ ಹೋಗುವಾಗ ಎಲ್ಲರೂ ನಿಮ್ಮ ಆಟದ ರೂಢಿಯಂತೆ ಚೆಂಡು ಹಿಡಿಯುವ ಗ್ಲೌಸನ್ನು ಮೈದಾನದ ಹುಲ್ಲಿನ ಮೇಲೇ ಬಿಟ್ಟು ಹೋದರು. ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಿನ್ನ ಹಳೇ ಗ್ಲೌಸನ್ನೂ ಇಟ್ಟಿದ್ದರು. ಚೆಂಡಿನ ಹಿಂದೆ ಓಡಿ ಬಂದ ಎದುರು ಟೀಮಿನವನೊಬ್ಬ ಅದನ್ನು ತುಳಿಯದೆ ಪಕ್ಕಕ್ಕೆ ಸರಿದ, ಕ್ಯಾಚ್ ಬಿಟ್ಟ.

"ಕಣ್ಣು ಮನೇಲಿಟ್ಟು ಬಂದ್ಯೇನೋ?" ಎಂದು ಅವರ ಕ್ಯಾಪ್ಟನ್ ಕೂಗಿದ.

"ಅದು ಕೀಗನ್‌ದು ಕಣಣ್ಣ. ಹೆಂಗೆ ತುಳೀಲಿ?"

ಆಟಗಾರರನ್ನು ಬೈಯಲೆಂದೇ ಬರುವ ಪ್ರೇಕ್ಷಕರೂ ಟೋಪಿ ತೆಗೆದು ನಿಂತರು.

ಆಟ ಮುಗಿದ ಮೇಲೆ ಗ್ಲೌಸನ್ನು ನನ್ನ ಕೈಗೆ ಕೊಟ್ಟರು. ಚೆಂಡಾಟದವನು ಅಂದರೆ ನಗುತ್ತಾರೆಂದು ಹಾಸ್ಟೆಲಿನಲ್ಲಿ ನಿನ್ನನ್ನು ಬ್ಯಾಂಕ್ ಗುಮಾಸ್ತ ಅಂತ ಹೇಳಿಬಿಟ್ಟಿದ್ದೇನೆ. ಇದು ಯಾರದು ಅಂತ ಕೇಳಿದರೆ ನಮ್ಮಪ್ಪಂದು ಅನ್ನಲಾ? ಬೇಗ ಉತ್ತರ ಬರಿ.