ಎರಡರ ಕ್ಯಾರೆಕ್ಟರ್

ಅಕ್ಕಾ,

ಸಂಪರ್ಕ ತಪ್ಪಿ ಎಷ್ಟೋ ವರ್ಷಗಳಾದವು; ನೀನೀಗ ಎಲ್ಲಿದ್ದೀಯೋ ನನಗೆ ತಿಳಿಯದು, ಈ ಪತ್ರ ನಿನ್ನ ಕೈಸೇರುವುದಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು.

ನನ್ನ ವಿದ್ಯಾರ್ಥಿನಿ ಇಂದು ತನ್ನ ಸಂಶೋಧನಾ ಪ್ರಬಂಧ ಮಂಡಿಸಿದಳು. ಎರಡು, ಮೂರು, ಐದು ಹೀಗೆ ಪ್ರತಿ ಅವಿಭಾಜ್ಯ ಸಂಖ್ಯೆಯ ಬಳಿಯೂ, ನಮ್ಮ ಗಣಿತದಲ್ಲಿ ಕ್ಯಾರೆಕ್ಟರ್ ಎಂದು ಕರೆಯುವ ಫಲನ ಹೇಗೆ ನಡೆದುಕೊಳ್ಳುತ್ತದೆಂದು ತಿಳಿದರೆ ಅಬೀಲಿಯನ್ ನಿರೂಪಣೆ ಎಂಬ ಇಡೀ ರಚನೆಯೇ ಕೈಗೆ ಸಿಗುತ್ತದೆ ಎಂದು ನೀನೇ ನನಗೆ ಕಲಿಸಿದ್ದೆ. ನಾವು ಒಂದೇ ಕೋಣೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸಂಖ್ಯೆ ಎರಡರ ಬಳಿ ನಮ್ಮ ಲೆಕ್ಕ ಕೈಕೊಟ್ಟಿತ್ತು. "ಎರಡನ್ನು ಬಿಟ್ಟು" ಎಂದು ಬರೆದು ಎಲ್ಲರೂ ಮುಂದೆ ಹೋದೆವು. ನೀನೊಬ್ಬಳೇ, "ಅದೇನು ಪಾಪ ಮಾಡಿದೆ?" ಎಂದು ಅಲ್ಲೇ ನಿಂತೆ.

ಇಂದು ಈ ಹುಡುಗಿ, ತೋಳಿನ ತುಂಬ ಸೀಮೆಸುಣ್ಣ ಬಳಿದುಕೊಂಡು, ಸಂಖ್ಯೆ ಎರಡನ್ನೂ ಲೆಕ್ಕದೊಳಗೆ ಸೇರಿಸಿಬಿಟ್ಟಳು! ಹೆಮ್ಮೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಪಕ್ಕದಲ್ಲಿದ್ದ ಅವಳ ತಾಯಿ ಪಿಸುಗುಟ್ಟಿದರು: "ಇಷ್ಟೊತ್ತು ಯಾರ ಕ್ಯಾರೆಕ್ಟರ್ ಬಗ್ಗೆ ಮಾತಾಡಿದ್ಲು ಮೇಡಂ?"

"ಸಂಖ್ಯೆಗಳದ್ದಮ್ಮ."

"ಸರಿಯಾಗಿದೆಯಂತಾ?"

"ಎರಡರದ್ದೊಂದು ಅನುಮಾನ ಇತ್ತು. ನಿಮ್ಮ ಮಗಳು ಅದನ್ನೂ ಬಗೆಹರಿಸಿದ್ಲು."

ಆಕೆ ನಿಟ್ಟುಸಿರು ಬಿಟ್ಟು ಸೆರಗು ಸರಿಮಾಡಿಕೊಂಡರು.

ಕೊನೆಯಲ್ಲಿ ಪರೀಕ್ಷಾ ಸಮಿತಿಯ ಅಧ್ಯಕ್ಷರು, "ಈ ಪ್ರಶ್ನೆ ಮೊದಲು ಎತ್ತಿದ್ದು ಯಾರು?" ಎಂದು ಕೇಳಿದರು. ಹುಡುಗಿ ನನ್ನತ್ತ ಕೈ ತೋರಿಸಿದಳು. ನಾನು ಎದ್ದು ನಿಂತು, "ನಾನಲ್ಲ ಸರ್, ನನ್ನ ಸೀನಿಯರ್," ಎಂದು ನಿನ್ನ ಪೂರ್ತಿ ಹೆಸರು ಹೇಳಿದೆ. ಇಡೀ ಕೋಣೆ ಚಪ್ಪಾಳೆ ತಟ್ಟಿತು, ಅಕ್ಕಾ.

"ಅವರಿಗೆ ತಿಳಿಸಬೇಕಲ್ಲ," ಎಂದರು ಅಧ್ಯಕ್ಷರು.

"ನಾನೇ ತಿಳಿಸ್ತೀನಿ ಸರ್," ಎಂದುಬಿಟ್ಟೆ.